ಬೀಗರೂಟದ ಗಂಡುಹಂದಿ

ಮಗಳ ಬೀಗರೂಟಕ್ಕೆ ಮಾಂಸವನ್ನು ಹೊರಗಿನಿಂದ ತರಿಸುವುದು ನನ್ನ ಘನತೆಗೆ ತಕ್ಕದ್ದಲ್ಲ ಎಂದು ತೀರ್ಮಾನಿಸಿದೆ. ದಬ್ಬೇಘಟ್ಟದ ನಮ್ಮ ತೆಂಗಿನ ತೋಟದಲ್ಲಿ ನಾನೇ ಹಂದಿ ಸಾಕಿದ್ದೇನೆ. ಅದರಲ್ಲೊಂದು ಗಂಡು ಆನೆಮರಿಯಂತೆ ಬೆಳೆದಿತ್ತು!

ದನದ ಡಾಕ್ಟರು ಎಚ್ಚರಿಸಿದ್ದರು. "ಮರೀಲೇ ಬೀಜ ತೆಗೆಸ್ಬೇಕಿತ್ತು ಕಣ್ರೀ. ಬೆಳೆದ ಗಂಡಿಗೆ ಸ್ಟೀರಾಯ್ಡ್ ಹಾರ್ಮೋನು ಜಾಸ್ತಿ. ಅದು ಲಿವರ್‌ನ ಎಂಜೈಮುಗಳ ಕೆಲಸ ತಗ್ಗಿಸುತ್ತೆ. ಗಂಡುಹಂದಿಯ ಕೆಟ್ಟ ವಾಸ್ನೆ ಕರಗದೆ ಕೊಬ್ಬಲ್ಲೇ ಕೂತ್ಕೊಂಡು, ಬೇಯಿಸಿದಾಗ ಏಳುತ್ತೆ."

ಇಷ್ಟರಲ್ಲಿ ನನಗೆ ಅರ್ಥವಾದದ್ದು ಲಿವರ್ ಒಂದೇ. ಲಿವರ್ ತಾನೇ? ಕಾಮಾಲೆಗೆ ಕೊಡುವ ನೆಲನೆಲ್ಲಿಯನ್ನು ಅರೆದು ಬೂಸಾಕ್ಕೆ ಕಲಸಿ ತಿನ್ನಿಸಿದೆ. ಹಂದಿ ಚಪ್ಪರಿಸಿತು. ವಿಜ್ಞಾನ ಗೆದ್ದಿತು!

"ಯಾಕೋ ಭಯ ಆಯ್ತದೆ ಕಣ್ರೀ, ಕುರೀನೇ ತರ್ಸಿ," ಎಂದಳು ಹೆಂಡತಿ ಜಯಮ್ಮ.

"ನಿಂಗೆ ಗೊತ್ತಾಗಾಕಿಲ್ಲ ಬುಡು," ಎಂದೆ.

ಹಂದನಕೆರೆಯಿಂದ ಬೀಗರು ವ್ಯಾನಿನಲ್ಲಿ ಬಂದಿಳಿದರು. ಹಂಡೆಯಲ್ಲಿ ಕೊಬ್ಬು ಕರಗತೊಡಗಿತು. ಅಡಿಗೆಯ ನಂಜಪ್ಪ ಸೌಟು ಬಿಸಾಕಿ ತೋಟದೊಳಕ್ಕೆ ಓಡಿ, ಅಲ್ಲಿಂದಲೇ ಕೂಗಿದ.

"ಅಣ್ಣಾ, ಉಚ್ಚೆ ನಾತ ಹೊಡೀತೈತೆ!"

ನಾನು ಹಂಡೆಯ ಮೇಲೆ ಬಗ್ಗಿ ಮೂಸಿದೆ. ಚಕ್ಕೆ, ಲವಂಗ, ಶುಂಠಿ. ಬೇರೇನೂ ಇಲ್ಲ.

"ನಿನ್ನ ಮೂಗೇ ಸರಿ ಇಲ್ಲ ಕಣ್ಲಾ! ಬಡ್ಸು!"

ಊಟಕ್ಕೆ ಬಂದಿದ್ದ ಡಾಕ್ಟರು ಕರ್ಚೀಫು ಒತ್ತಿಕೊಂಡೇ ಹೇಳಿದರು, "ಕೆಲವರ ಮೂಗಿಗೆ ಈ ವಾಸ್ನೆ ಹತ್ತೋದೇ ಇಲ್ಲ ಸ್ವಾಮಿ. ನೀವು ಆ ಪೈಕಿ."

ನಾನು ನಂಬಲಿಲ್ಲ. ಬಡಿಸಿಯೇಬಿಟ್ಟೆ. ಮೊದಲ ಪಂಕ್ತಿ ಬಾಯಿ ಮುಚ್ಚಿಕೊಂಡು ಎದ್ದಿತು. ಎರಡನೆಯದು ಕೂರಲೇ ಇಲ್ಲ! ಜಯಮ್ಮ ಮುದ್ದೆಗೆ ಹುರುಳಿ ಸಾರು ಕಾಯಿಸಲು ಒಳಗೆ ಓಡಿದಳು. ಮಗಳು ಪವಿತ್ರ ಬಂದು ನಿಂತಳು. ಕಣ್ಣು ತುಂಬಿತ್ತು.

"ಅಪ್ಪಾ, ನಾಳೆಯಿಂದ ನಾನು ಇವರ ಮನೇಲಿ ಬಾಳ್ಬೇಕಲ್ವಾ?"

ಅಲ್ಲಿಯವರೆಗೆ ನನ್ನದೇ ಸರಿ ಎಂದುಕೊಂಡಿದ್ದೆ. ಈಗ ಕೈಮುಗಿದು ಕ್ಷಮೆ ಕೇಳಲು ಬೀಗರಾದ ರಂಗಪ್ಪನವರನ್ನು ಹುಡುಕಿಕೊಂಡು ಹೋದೆ. ಖಾಲಿ ಪಂಕ್ತಿಯ ನಡುವೆ ಅವರೊಬ್ಬರೇ ಕೂತು ಮೂಳೆ ಚೀಪುತ್ತಿದ್ದರು.

"ಯಾಕ್ ಬೀಗ್ರೇ, ಎಲ್ರೂ ಎದ್ದೋದ್ರು? ಸಾರು ಬೊಂಬಾಟಾಗೈತೆ. ಇನ್ನೆರಡು ತುಂಡು ಹಾಕ್ಸಿ!"

ಬಡಿಸಲು ಯಾರೂ ಹತ್ತಿರ ಬರಲಿಲ್ಲ. ನಾನೇ ಬಡಿಸಿದೆ. ಅವರು ಬಲವಂತ ಮಾಡಿದ್ದರಿಂದ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತೆ. ನಿಜ ಹೇಳಬೇಕೆಂದರೆ, ರುಚಿಯಾಗಿಯೇ ಇತ್ತು!

ದೂರದಲ್ಲಿ ಜಯಮ್ಮನೂ ಬೀಗಿತ್ತಿಯೂ ಮೂಗಿಗೆ ಸೆರಗು ಒತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದರು.

"ನಿಮ್ಮೋರೂ ಹಿಂಗೇನಾ ಅಕ್ಕಾ?" ಎಂದಳು ಜಯಮ್ಮ.

"ಮದ್ವೆ ಆದಾಗ್ಲಿಂದ್ಲೂ ಹಿಂಗೇ ಕಣವ್ವ."

ಪವಿತ್ರ ಕಣ್ಣೊರೆಸಿಕೊಂಡು ನಗುವುದು ಕೇಳಿಸಿತು. ನಾನು ತಲೆ ಎತ್ತದೆ ಉಂಡೆ.