ಧಾರಾವಾಹಿಯೊಳಗ ನಮ್ಮ ಧರಣಿ

ನಮ್ಮಂಥವರ ಮನ್ಯಾಗ ಅಳಾಕ ಕುಂತ್ರ ನಗು ಬರತೈತಿ, ನಗಾಕ ಹೋದ್ರ ಯಾರರೆ ಬಂದು "ಪಾಪ" ಅಂತಾರ. ಇದು ಒಮ್ಮೆ ಎರಡು ಸಲ ಆಗಿದ್ರ ಬಿಡ್ರಿ ಅಂತಿದ್ದೆ. ದಿನಾ ಆಗೂದಕ್ಕ ಏನ್ ಮಾಡ್ಲಿ?

ನಾ ರಾಯಬಾಗ ತಾಲೂಕಿನ ಒಂದು ಸಣ್ಣ ಊರಾಗ ಅಂಗನವಾಡಿ ಟೀಚರ. ನಮ್ಮನಿಯವರು ಮಿಲಿಟ್ರ್ಯಾಗ ಸಿಪಾಯಿ ಇದ್ರು, ಗಡಿಯಾಗ ಹೋಗಿಬಿಟ್ರು. ಮಣ್ಣಿಗೆ ಬಂದ ಒಬ್ಬ ದೊಡ್ಡ ಮನಷಾ ಮೈಕ ಹಿಡದು, "ಈ ಊರ ಕ್ರಾಸಿಗೆ ಈ ವೀರನ ಹೆಸರ ಇಡತೇವಿ" ಅಂದ. ನಮ್ಮತ್ತಿ ಅದೊಂದು ಮಾತ ಗಟ್ಟಿ ಹಿಡಕೊಂಡು ಅವತ್ತು ಕಣ್ಣೀರ ಒರಸಿಕೊಂಡ್ಲು. ವರ್ಷದ ಮ್ಯಾಲ ವರ್ಷ ಹೋತು, ಬೋರ್ಡ ಬರಲಿಲ್ಲ. "ನಾ ಕಣ್ಣ ಮುಚ್ಚೂದ್ರಾಗ ನನ್ನ ಮಗನ ಹೆಸರ ಆ ಕ್ರಾಸಿನ್ಯಾಗ ನೋಡಬೇಕು" ಅನ್ನೂದು ಅಕಿ ಹಟ. ಅದರ ಸಲುವಾಗಿ ಧರಣಿ ಕುಂತ್ವಿ. ಆ ಧರಣಿ ನೋಡಿ ಟಿವಿಯವರು ಧಾರಾವಾಹಿ ಮಾಡಿದ್ರು. ಆಮ್ಯಾಗ ಆದದ್ದು ದೇವರಿಗೇ ಪ್ರೀತಿ.

೧. ಗಂಡಂದಿರ ಅದಲಾಬದಲಿ

ತಾಲೂಕು ಕಚೇರಿ ಮುಂದ ಶಾಮಿಯಾನಾ ಹಾಕಿ ಐದು ಮಂದಿ ಹೆಣಮಕ್ಕಳು ಕುಂತ್ವಿ. ಐದೂ ಮಂದಿ ಗಂಡಂದಿರು ಮಿಲಿಟ್ರ್ಯಾಗ ಹೋದವರು, ಐದೂ ಮನಿಗೆ ಯಾರರೆ ಮೈಕ ಹಿಡದು ಮಾತ ಕೊಟ್ಟಿದ್ರು. ಅಥಣಿ ಕಡೆಯಾಕಿ ಬಂದಿದ್ಲು, ಕಾಗವಾಡದ ಜೈನರ ಮನಿ ಸೊಸಿ ಬಂದಿದ್ಲು. ನನ್ನ ಬಾಜೂಕ ಕುಂತಾಕಿ ನಿಪ್ಪಾಣಿ ವೈನಿ. ಅಕಿಗೆ ಮನ್ಯಾಗ ಮರಾಠಿ, ಬಜಾರದಾಗ ಕನ್ನಡ, ಸಿಟ್ಟ ಬಂದ್ರ ಎರಡೂ ಕೂಡೇ ಬರತಾವು.

ಕುಂತಮ್ಯಾಲ ತಿಳೀತು ತೊಂದ್ರಿ. ಘೋಷಣಾ ಹಾಕಬೇಕಂದ್ರ ಹೆಸರ ಹೇಳಬೇಕಲ್ರಿ, ಇಂಥವರು "ಅಮರ ರಹೇ" ಅಂತ? ನಮ್ಮ ಕಡೆ ಹೆಂಡ್ತಿ ಗಂಡನ ಹೆಸರ ಹಿಡದು ಹೇಳಂಗಿಲ್ಲ. ಇದ್ದಾಗ ಹೇಳಲಿಲ್ಲ, ಹೋದಮ್ಯಾಲ ಒದರಾಕ ಬಾಯಿ ಬರತೈತೇನು? ಮೊದಲನೇ ದಿನ ಐದೂ ಮಂದಿ "ನಮ್ಮನಿಯವರು ಅಮರ ರಹೇ!" ಅಂತ ಕೂಗಿದ್ವಿ. ಪೇಪರಿನವ ಒಬ್ಬ ಬಂದು ಬಾಳ ಮರ್ಯಾದಿಲೆ ಕೇಳಿದ, "ಅಕ್ಕಾರ, ನಿಮ್ಮೈದೂ ಮಂದಿಗೂ ಒಬ್ಬರೇ ಏನ್ರಿ?"

ನಿಪ್ಪಾಣಿ ವೈನಿಗೆ ಎರಡೂ ಭಾಷಾ ಕೂಡೇ ಬಂದ್ವು. ಅವ ಹೋದಮ್ಯಾಲ ಅಕಿನ ಉಪಾಯ ತಗದ್ಲು. "ಹೇ ಬಘಾ, ನಿನ್ನ ಗಂಡನ ಹೆಸರ ನಾ ಕೂಗತೇನಿ, ನನ್ನ ಗಂಡಂದು ನೀ ಕೂಗು." ಮುಗೀತು. ಮರುದಿನದಿಂದ ನಾ ಅಕಿ ಗಂಡನ ಹೆಸರಿಲೆ ಶಾಮಿಯಾನಾ ಹರಿಯೂಹಂಗ ಒದರಿದೆ, ಅಕಿ ನನ್ನ ಗಂಡನ ಹೆಸರಿಲೆ ಎದಿ ಬಡಕೊಂಡ್ಲು.

ಕಚೇರಿಯಿಂದ ಒಬ್ಬ ಕಾರಕೂನ ಬಂದು, ಯಾರು ಯಾರ ಸಲುವಾಗಿ ಕೂಗಾಕತ್ತಾರ ಅಂತ ಪಟ್ಟಿ ಮಾಡಿಕೊಂಡು ಹೋದ. ಅವತ್ತಿನಿಂದ ಸರಕಾರದ ದಫ್ತರದಾಗ ನಾ ನಿಪ್ಪಾಣಿ ಸೊಸಿ, ಅಕಿ ರಾಯಬಾಗದ ಸೊಸಿ. ಸರಕಾರದಿಂದ ಪತ್ರ ಬಂದಾಗೊಮ್ಮೆ ವೈನಿ ಫೋನ್ ಮಾಡತಾಳ, "ಅಗ ಬಾಯಿ, ನಿನ್ನ ಗಂಡ ಮತ್ತ ನಮ್ಮನೀಗೆ ಬಂದಾನ. ಕಳಸಲೇನು, ಇಟಗೊಳ್ಳಲೇನು?"

೨. ನನ್ನ ಪಾತ್ರಕ್ಕ ನಾನ ನಾಪಾಸ

ಧರಣಿ ಸುದ್ದಿ ಪೇಪರಿನ್ಯಾಗ ಬಂದು, ಅದನ್ನ ಓದಿ ಬೆಂಗಳೂರಿಂದ ಟಿವಿ ಡೈರೆಕ್ಟರ್ ಬಂದ. ಬಾಯಿ ತುಂಬ "ಮೇಡಂ, ಮೇಡಂ" ಅಂದ. ನನ್ನ ಕತಿನ ಧಾರಾವಾಹಿಯ ಮೂಲ ಅಂತ. ಊರ ಮಂದಿಗೂ ಪಾತ್ರ ಕೊಡತೇನಿ, ಆಡಿಷನ್ ಐತಿ, ಎಲ್ಲಾರೂ ಬರ್ರಿ ಅಂದ. ನಾನೂ ಹೋಗಿ ಸಾಲಿನ್ಯಾಗ ನಿಂತೆ. ನನ್ನ ಪಾತ್ರ ಐತಿ ಅಂದಮ್ಯಾಲ ನನಗಿಂತ ಯಾರ ಚೊಲೋ ಮಾಡತಾರ?

"ಮೇಡಂ, ಗಂಡನ ಸುದ್ದಿ ಬಂದಿದೆ. ಈಗ ನೀವು ಏನು ಮಾಡ್ತೀರಿ?" ಅಂದ.

ಏನ್ ಮಾಡಿದ್ದೆ ಅದನ್ನ ಮಾಡಿ ತೋರಿಸಿದೆ. ಫೋನ್ ಇಟ್ಟೆ. ಒಲಿ ಮ್ಯಾಗಿನ ರೊಟ್ಟಿ ಹೊತ್ತಾಕತ್ತಿತ್ತು, ತಿರುವಿ ಹಾಕಿದೆ. ಗ್ಯಾಸ್ ಬಂದ್ ಮಾಡಿದೆ. ಅತ್ತಿ ಎಲ್ಲಿ ಅದಾಳ ಅಂತ ಹುಡಕಾಕ ಹೊಂಟೆ. ಅಷ್ಟ.

ಡೈರೆಕ್ಟರ್ ತಲಿ ಹಿಡಕೊಂಡ. "ಇಲ್ಲ ಮೇಡಂ, ನ್ಯಾಚುರಲ್ ಆಗಿ ಬರ್ತಿಲ್ಲ. ತಟ್ಟೆ ಬೀಳಬೇಕು, ಬಳೆ ಒಡೀಬೇಕು."

"ನಮ್ಮನ್ಯಾಗ ಬಿದ್ದದ್ದು ನಾ ಒಬ್ಬಾಕಿನ್ರಿ, ಅದೂ ಮೂರ ದಿನ ಆದಮ್ಯಾಲ" ಅಂದೆ. ಅವಗ ಅದು ನಡೀಲಿಲ್ಲ. ನನ್ನ ಪಾತ್ರಕ್ಕ ಬೆಂಗಳೂರಿನ ಒಬ್ಬ ಹೀರೋಯಿನ್ನ ತಂದ, ನನಗ "ಬಾಜೂ ಮನಿ ಹೆಂಗಸು, ನಂಬರ್ ನಾಕು" ಅಂತ ಪಾತ್ರ ಕೊಟ್ಟ. ಅಳೂ ಹೀರೋಯಿನ್ ಹೆಗಲ ಮ್ಯಾಲ ಕೈ ಇಟ್ಟು ನಾ ಒಂದ ಮಾತ ಹೇಳೂದು: "ನಿನ್ನ ದುಃಖ ನನಗ ತಿಳೀತೈತಿ."

ಹೇಳಿದೆ. ಮನಸಾರೆ ಹೇಳಿದೆ. ಡೈರೆಕ್ಟರ್ "ಕಟ್" ಅಂದ.

"ಮೇಡಂ, ನಿಮಗೆ ಅವಳ ದುಃಖ ತಿಳಿದ ಹಾಗೆ ಕಾಣ್ತಿಲ್ಲ!"

೩. ಹೆಸರ ಹಿಡದು ಕರದಾಕಿ

ಧರಣಿ ಸೀನ್ ನಮ್ಮೂರ ಶಾಲಿ ಮುಂದ ಇಟ್ಟಿದ್ರು. ಶಾಲಿಗೆ ಸುಣ್ಣ ಬಳದು ತಾಲೂಕು ಕಚೇರಿ ಮಾಡಿದ್ರು. ನಮ್ಮತ್ತಿ ಮುಂಜಾನೆ ಉಂಡು ಬಂದು ಕುರ್ಚಿ ಹಾಕಿಸಿಕೊಂಡು ಕುಂತ್ಲು. ಹೀರೋಯಿನ್ ಮುಷ್ಟಿ ಎತ್ತಿ ಕೂಗಿದ್ಲು, "ಕ್ಯಾಪ್ಟನ್ ಆರ್ಯನ್ ಅಮರ ರಹೇ!"

ನಮ್ಮನಿಯವರು ಸಿಪಾಯಿ. ಟಿವಿಯವರು ಕ್ಯಾಪ್ಟನ್ ಮಾಡಿದ್ರು, ಹೆಸರೂ ಬದಲೀ ಮಾಡಿದ್ರು, ಅದು ಹೋಗ್ಲಿ ಅನ್ರಿ. ಅತ್ತಿಗೆ ಸಿಟ್ಟ ಬಂದದ್ದು ಬ್ಯಾರೇದಕ್ಕ. ಕುರ್ಚಿಯಿಂದ ಎದ್ದು ಕ್ಯಾಮೆರಾ ಮುಂದನ ಹೋಗಿ ನಿಂತ್ಲು. "ಏ ಹುಡುಗಿ, ಗಂಡನ ಹೆಸರ ಹಿಡದು ಒದರತಿಯಲ್ಲ, ನಿಮ್ಮವ್ವ ಏನೂ ಕಲಿಸಿಲ್ಲೇನು?"

ಡೈರೆಕ್ಟರ್ ಓಡಿ ಬಂದ. "ಅಜ್ಜಿ, ಅವರು ಇವರ ನಿಜವಾದ ಗಂಡ ಅಲ್ಲ."

"ಹಂಗಾರ ಮಂದಿ ಗಂಡನ ಸಲುವಾಗಿ ಮುಂಜಾನಿಂದ ಯಾಕ ಅಳಾಕತ್ತಾಳು?"

ಪಾಪ, ಹುಡುಗಿ ಕೈ ಮುಗದ್ಲು. ಅತ್ತಿ ಅಲ್ಲಿಂದ ಸರೀಲಿಲ್ಲ. ಹುಡುಗಿ "ಕ್ಯಾಪ್ಟನ್" ಅನ್ನೂದ್ರಾಗ ಅತ್ತಿ "ಸ್ಸ್ಸ್!" ಅಂತಿದ್ಲು, ಡೈರೆಕ್ಟರ್ "ಕಟ್" ಅಂತಿದ್ದ. ಮಧ್ಯಾಹ್ನದ ತನಕ ಇದನ್ನ ಮಾಡಿದ್ರು. ಕಡೀಕ ಹುಡುಗಿ ತಾನಾಗೇ "ನಮ್ಮನಿಯವರು ಅಮರ ರಹೇ" ಅಂದ್ಲು. ಅತ್ತಿ ಕುರ್ಚಿಗೆ ಹೋಗಿ ಕುಂತು, "ಈಗ ಅಳವಾ, ಚೊಲೋತ್ನಾಗಿ ಅಳು" ಅಂತ ಅಪ್ಪಣಿ ಕೊಟ್ಲು.

೪. ಬದನಿಕಾಯಿ

ಧಾರಾವಾಹಿ ಟಿವ್ಯಾಗ ಬರಾಕ ಶುರುವಾತು. ನಮ್ಮ ಓಣಿ ಹೆಣಮಕ್ಕಳೆಲ್ಲಾ ನಮ್ಮ ಮನ್ಯಾಗ ಕುಂತು ನೋಡತಿದ್ರು. ನಾ ಚಾ ತಗೊಂಡು ಟಿವಿ ಮುಂದ ಹಾದ್ರ, "ಸರಿಯ ಅತ್ಲಾಗ, ಪಾಪ ಅಕಿ ಗಂಡ ಸತ್ತಾನ!" ಅಂತ ನನಗ ಬೈಯಾಕ ಹತ್ತಿದ್ರು. ನಮ್ಮನಿಯವರ ಮಣ್ಣಿನ ಹೊತ್ತಿನ್ಯಾಗ ಬರದವರೂ ಅಕಿ ಸಲುವಾಗಿ ಸೆರಗ ತೋಯಿಸಿಕೊಂಡ್ರು. ಹೊಟ್ಟಿ ಉರೀತು, ಯಾಕ ಸುಳ್ಳ ಹೇಳ್ಲಿ.

ಆದ್ರ ಖರೇ ಫಜೀತಿ ಆದದ್ದು ಅತ್ತೀದು. ಕತಿಗೆ ಮಸಾಲಿ ಕಡಿಮಿ ಬಿತ್ತಂತ, ಡೈರೆಕ್ಟರ್ ಧಾರಾವಾಹಿಯೊಳಗಿನ ಅತ್ತೀನ ಕೆಟ್ಟಾಕಿ ಮಾಡಿಬಿಟ್ಟ. ಆ ಅತ್ತಿ ಸೊಸೀನ ಮಳ್ಯಾಗ ಹೊರಗ ಹಾಕಿದ್ಲು. ಮರುದಿನ ನಮ್ಮತ್ತಿ ಚಿಂಚಲಿ ಸಂತಿಗೆ ಹೋದ್ರ ಕಾಯಿಪಲ್ಯೆ ಮಾರಾಕಿ ತಕ್ಕಡಿ ಕೆಳಗ ಇಟ್ಲಂತ. "ಗಂಡ ಸತ್ತ ಸೊಸೀನ ಹೊರಗ ಹಾಕಿದಾಕಿಗೆ ನಾ ಬದನಿಕಾಯಿ ಕೊಡಂಗಿಲ್ಲ."

ಅತ್ತಿ ಬರೇ ಚೀಲ ಹಿಡಕೊಂಡು ಅಳಕೋತ ಬಂದ್ಲು. ನಮ್ಮತ್ತಿ ಎಂಥಾಕಿ ಗೊತ್ತೇನ್ರಿ? ನಾ ಉಣ್ಣದಿದ್ದಾಗ ತಾನೂ ಉಣ್ಣದ ಕುಂತಾಕಿ. ನನಗ ತಡೀಲಿಲ್ಲ. ಮುಂದಿನ ಸಂತಿಗೆ ಕೈ ಹಿಡಕೊಂಡು ಕರಕೊಂಡು ಹೋದೆ. "ನೋಡವಾ, ನಾನ ಆ ಸೊಸಿ. ಇಕಿ ನನ್ನ ಒಮ್ಮೆನೂ ಹೊರಗ ಹಾಕಿಲ್ಲ, ತಾಯಿಗಿಂತ ಹೆಚ್ಚ ನೋಡಿಕೊಂಡಾಳ" ಅಂತ ನಾಕು ಮಂದಿ ಎದುರಿಗೆ ಹೇಳಿದೆ.

ಕಾಯಿಪಲ್ಯೆಯಾಕಿ ನನ್ನ ಕಡೆ ಬಗ್ಗಿ ಸಣ್ಣ ದನಿಲೆ ಅಂದ್ಲು, "ಹೆದರಬ್ಯಾಡ ತಂಗಿ. ನಿಮ್ಮತ್ತಿ ಬಾಜೂಕ ನಿಂತು ಹಂಗ ಹೇಳಾಕ ಹಚ್ಯಾಳಂತ ನಮಗೂ ತಿಳೀತೈತಿ."

೫. ಕ್ಯಾಪ್ಟನ್ನಗ ಒಂದ ಎಡಿ

ಧಾರಾವಾಹಿಯ ಕಡೀ ಕಂತಿನ್ಯಾಗ ಧರಣಿ ಗೆಲ್ಲತೈತಿ. ನಮ್ಮೂರ ಕ್ರಾಸಿನ್ಯಾಗನ ಶೂಟಿಂಗ್ ಆತು. "ಕ್ಯಾಪ್ಟನ್ ಆರ್ಯನ್ ಕ್ರಾಸ್" ಅಂತ ದೊಡ್ಡ ಕಬ್ಬಣದ ಬೋರ್ಡ ನಿಲ್ಲಿಸಿದ್ರು. ಶೂಟಿಂಗ್ ಮುಗದಮ್ಯಾಲ ಲಾರ್ಯಾಗ ಜಾಗಾ ಇಲ್ಲಂತ ಬೋರ್ಡ ಅಲ್ಲೇ ಬಿಟ್ಟು ಹೋದ್ರು. ಅಥಣಿ ಕಡೆಯಿಂದೆಲ್ಲಾ ಮಂದಿ ಸೆಲ್ಫಿ ತಗೊಳ್ಳಾಕ ಬಂದ್ರು. ಬಸ್ಸಿನ್ಯಾಗ "ಆರ್ಯನ್ ಕ್ರಾಸ್ ಒಂದ ಕೊಡ್ರಿ" ಅನ್ನಾಕ ಹತ್ತಿದ್ರು. ಕೇಳಿ ಕೇಳಿ ಸಾಕಾಗಿ ಡಿಪೋದವರು ಟಿಕೀಟ ಮಶೀನದಾಗ ಆ ಹೆಸರ ಹಾಕಿಬಿಟ್ರು.

ಅತ್ತಿಗೆ ಇದು ಹೊಟ್ಟಿಗೆ ಹಾಕ್ಕೊಳ್ಳಾಕ ಆಗಲಿಲ್ಲ. "ಹುಟ್ಟದಾವನ ಹೆಸರಿಗೆ ಬಸ್ ನಿಂದರತೈತಿ, ಸತ್ತ ನನ್ನ ಮಗನ ಹೆಸರಿಗಿಲ್ಲ?" ಅಂತ ಚಾಪಿ ತಗೊಂಡು ಹೋಗಿ ಆ ಬೋರ್ಡಿನ ಬುಡಕ್ಕ ಒಬ್ಬಾಕೀನ ಧರಣಿ ಕುಂತ್ಲು. ನಾ ಹೋಗಿ ಬಾಜೂಕ ಕುಂತೆ. ಮಂದಿ ಓಡಿ ಬಂದ್ರು. ಯಾಕಂತೀರಿ? ಧಾರಾವಾಹಿ ಎರಡನೇ ಭಾಗ ಶುರುವಾತು ಅಂತ! "ಕ್ಯಾಮೆರಾ ಎಲ್ಲಿಟ್ಟಾರ್ರಿ?" ಅಂತ ಒಬ್ಬಾವ, "ಅಜ್ಜಿ, ಇನ್ನೊಮ್ಮೆ ಎದಿ ಬಡಕೊಳ್ರಿ" ಅಂತ ಇನ್ನೊಬ್ಬಾವ. ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದ ಒಂದು ನಿಂತ್ವು. ರಸ್ತೆ ಬಂದಾದಮ್ಯಾಲ ತಾಲೂಕು ಕಚೇರಿ ಸಾಹೇಬರು ಕಾರಕೂನನ್ನ ಕರಕೊಂಡು ಬಂದ್ರು.

"ಅಜ್ಜಿ, ನಿಮ್ಮ ಮಗನ ಹೆಸರಿನ ಫೈಲ್ ಬೆಂಗಳೂರಿಗೆ ಹೋಗೇತಿ. ಬರೂತನಕ ನನ್ನ ಕೈಯಾಗ ಏನೂ ಇಲ್ಲ."

"ಈ ಕ್ಯಾಪ್ಟನ್ನಂದು ಯಾವೂರಿಗೆ ಹೋಗಿ ಬಂತ್ರಿ?" ಅಂದ್ಲು ಅತ್ತಿ.

ಸಾಹೇಬರು ಕಾರಕೂನನ ಮಾರಿ ನೋಡಿದ್ರು. ಅವ ಬೋರ್ಡ ನೋಡಿ ತಲಿ ಕೆರಕೊಂಡ. "ಸಾಹೇಬರ, ಹೊಸಾ ಹೆಸರ ಇಡಾಕ ಬೆಂಗಳೂರ ಬೇಕು. ಇದ್ದ ಹೆಸರ ಬದಲೀ ಮಾಡಾಕ ಪಂಚಾಯ್ತಿ ಠರಾವ ಸಾಕ್ರಿ."

"ಇಲ್ಲಿ ಹೆಸರ ಎಲ್ಲಿತ್ತೋ?"

"ಈಗ ಐತಲ್ರಿ. ಟಿಕೀಟ ಮಶೀನದಾಗೂ ಐತಿ!"

ಆ ವಾರದಾಗನ ಠರಾವ ಆತು. ಆರ್ಯನ್ ಹೆಸರ ಅಳಿಸಿ, ಅದ ಬೋರ್ಡಿನ ಮ್ಯಾಲ ನಮ್ಮನಿಯವರ ಹೆಸರ ಬರದ್ರು, ಮಶೀನದಾಗೂ ಹಾಕಿದ್ರು. ಅತ್ತಿ ಆ ಅಕ್ಷರದ ಮ್ಯಾಲ ಕೈ ಆಡಿಸಿ ಆಡಿಸಿ ಅತ್ಲು. ನಾನೂ ಅತ್ತೆ. ಮನೀಗೆ ಬಂದು ಹೋಳಿಗಿ ಮಾಡಿ ಮಗನ ಫೋಟೋ ಮುಂದ ಎಡಿ ಇಟ್ಟಮ್ಯಾಲ ಅತ್ತಿ ಅಂದ್ಲು, "ಆ ಕ್ಯಾಪ್ಟನ್ನಗೂ ಒಂದ ಎಡಿ ಇಡಬೇ. ನನ್ನ ಮಗಾ ಖರೇನ ಸತ್ತ್ರೂ ಆಗದ ಕೆಲಸ, ಅವ ಸುಳ್ಳ ಸತ್ತು ಮಾಡಿಕೊಟ್ಟ."

"ಅತ್ತಿ, ಆ ಪಾತ್ರದ ಹುಡುಗ ಬೆಂಗಳೂರಾಗ ಗಟ್ಟಿಮುಟ್ಟಾಗಿ ಅದಾನ್ರಿ!"

"ಇದ್ರ ಇರ್ಲಿ. ಉಂಡು ಇನ್ನಷ್ಟು ಗಟ್ಟಿ ಆಗ್ಲಿ."

೬. ಟಿಕೀಟ

ಬೋರ್ಡ ಆತು, ಅತ್ತಿ ಮನಸ್ಸು ತಣ್ಣಗಾತು. ನನ್ನ ಫಜೀತಿ ಆಗ ಶುರುವಾತು ನೋಡ್ರಿ.

ಅಂಗನವಾಡಿ ಮೀಟಿಂಗಿಗೆ ಚಿಕ್ಕೋಡಿಗೆ ಹೋಗಿದ್ದೆ. ವಾಪಸ ಬರೂ ಮುಂದ ಬಸ್ಸಿನ್ಯಾಗ ಹೊಸಾ ಕಂಡಕ್ಟರ. ಹೆಣಮಕ್ಕಳಿಗೆ ಬಸ್ ಪುಕ್ಕಟ ಆದ್ರೂ ಇಳಿಯೂ ಸ್ಟಾಪ್ ಹೇಳಿ ಟಿಕೀಟ ತಗೊಳ್ಳಾಕಬೇಕು.

"ಎಲ್ಲಿಗ್ರಿ ಅಕ್ಕಾರ?"

ಬಾಯಿ ತಗದೆ, ಮುಚ್ಚಿದೆ. ಆ ಸ್ಟಾಪಿನ ಹೆಸರ ನಾ ಹ್ಯಾಂಗ ಹೇಳ್ಲಿ? "ಅದ... ನಮ್ಮೂರ ಕ್ರಾಸಿಗೆ."

"ನಿಮ್ಮೂರು ಯಾವುದು ನನಗೇನ ಗೊತ್ರಿ? ಮಶೀನದಾಗ ಹೆಸರ ಒತ್ತಬೇಕು, ಹೆಸರ ಹೇಳ್ರಿ."

"ನಮ್ಮನಿಯವರ ಸ್ಟಾಪ್ ರೀ."

"ನಿಮ್ಮನಿಯವರಿಗೆ ಸ್ಟಾಪ್ ಐತೇನ್ರಿ? ನಮ್ಮನ್ಯಾಗ ನನಗ ಕುಂದ್ರಾಕ ಒಂದ ಖುರ್ಚಿ ಇಲ್ಲ!"

ಬಸ್ಸಿಗೆ ಬಸ್ಸೇ ನಕ್ತು. ಹಿಂದಿನ ಸೀಟಿನ ಒಬ್ಬಾಕಿ ಅಜ್ಜಿಗೆ ನನ್ನ ಗುರ್ತ ಹತ್ತಿತು. "ಏ, ಅಕಿ ಸಿಪಾಯಿ ಹೇಂತಿ. ಆ ಸ್ಟಾಪ್ ಅಕಿ ಗಂಡನ ಹೆಸರಿಂದು, ಹ್ಯಾಂಗ ಹೇಳ್ಯಾಳು?" ಅಂದ್ಲು. ಹಂಗಾರ ನೀನ ಹೇಳವಾ ತಾಯಿ ಅಂತ ನಾ ಕೈ ಮುಗದೆ. ಆ ಅಜ್ಜಿ ಹೇಳಿದ್ರ ಎಲ್ಲಾ ಮುಗೀತಿತ್ತು. ಹೇಳಲಿಲ್ಲ. "ಹೆಸರ ಹೇಳಾಕ ಬರದಿದ್ರ ಏನಾತು, ಮದಿವ್ಯಾಗ ಹಾಕಿದ್ದಿಲ್ಲೇನ? ಒಡಪ ಹಾಕಿ ಪದದಾಗ ಹೆಸರ ಹೇಳವಾ!" ಅಂದ್ಲು. ಬಸ್ಸಿನ ಹೆಣಮಕ್ಕಳೆಲ್ಲಾ "ಒಡಪ! ಒಡಪ!" ಅಂತ ಚಪ್ಪಾಳಿ ಹೊಡದ್ರು. ಡ್ರೈವರ ಬಸ್ ಬಾಜೂಕ ನಿಲ್ಲಿಸಿ ಹೊಳ್ಳಿ ಕುಂತ.

ನಮ್ಮನಿಯವರ ಹೆಸರ ನಾ ಬಾಯಿಲೆ ಹೇಳಿದ್ದು ಮದಿವಿ ದಿನ, ಹೊಚ್ಚಲದಾಗ ನಿಂತು, ಒಮ್ಮೆ. ಅವರು ನಗಾಕತ್ತಿದ್ರು. ಎದ್ದು ನಿಂತೆ, ಕಂಬಿ ಹಿಡಕೊಂಡೆ, ಸೆರಗ ಸರಿ ಮಾಡಿಕೊಂಡೆ.

"ಹಿಮದ ಗುಡ್ಡದಾಗ ಹಗಲೂ ರಾತ್ರಿ ಕಾವಲ ನಿಂತವರು,
ಕಬ್ಬಿನ ಹಾದ್ಯಾಗ ಬಿಸಲೂ ಮಳೀಗೂ ಬೋರ್ಡಾಗಿ ನಿಂತವರು,
ತುಂಬಿದ ಬಸ್ಸಿನ್ಯಾಗ ಮಂದಿ ಕೇಳ್ಯಾರಂತ ಹೇಳತೇನಿ..."

ಅಂತ ಹೆಸರ ಹೇಳೇಬಿಟ್ಟೆ. ಗಟ್ಟಿಯಾಗಿ ಹೇಳಿದೆ. ಬಸ್ ತುಂಬ ಸೀಟಿ, ಚಪ್ಪಾಳಿ. ಆ ಅಜ್ಜಿ ಅಳಾಕ ಹತ್ತಿದ್ಲು. ನಾ ನಗಾಕತ್ತಿದ್ದೆ, ಕಣ್ಣಾಗ ನೀರು ಇಳಿಯಾಕತ್ತಿದ್ವು.

ಕಂಡಕ್ಟರನೂ ಕಣ್ಣ ಒರಸಿಕೊಂಡು ಮಶೀನ ಒತ್ತಿದ. "ಎಲ್ಲಿ, ಆಧಾರ ಕಾರ್ಡ ತೋರಸ್ರಿ ಅಕ್ಕಾರ" ಅಂದ. ತೋರಿಸಿದೆ. ಹೊಳ್ಳಿಸಿ ನೋಡಿದ, ಮತ್ತ ನೋಡಿದ, ಹಣಿ ಬಡಕೊಂಡ.

"ಯವ್ವಾ, ಇಂಥವರ ಹೇಂತಿ ಅಂತ ಹೆಸರ ಇಲ್ಲೇ ಅಚ್ಚಾಗೇತಲ್ರಿ! ಮೊದಲ ಇದನ್ನ ತೋರಿಸಿದ್ರ ನನ್ನ ಬಸ್ ಇಷ್ಟ ಲೇಟ ಆಗತಿತ್ತೇನ್ರಿ?"

ನೀವೂ ಕೇಳಬ್ಯಾಡ್ರಿ, ಇಲ್ಲಿ ನಾ ಬರಿಯಂಗಿಲ್ಲ. ಆ ಹೆಸರ ಬೇಕಾದವರು ಚಿಕ್ಕೋಡ್ಯಾಗ ನಮ್ಮ ಬಸ್ ಹತ್ತಿ ಒಂದ ಟಿಕೀಟ ತಗೊಳ್ರಿ.