ಎರಡೇ ಪದದ ಪ್ಯಾಕೆಟ್ಟು

ನಮ್ಮ ಸೋದರಮಾವ ಐದು ನಿಮಿಷ ಒಂದೇ ಕಡೆ ಕೂತಿದ್ದನ್ನು ನೋಡಿದವರು ಪಾಳ್ಯದಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಊಟಕ್ಕೆ ಕೂತರೆ ಸಾರಿನ ಹೊತ್ತಿಗೆ ಎದ್ದು ಫ್ಯಾನ್ ಬಿಚ್ಚಿರುತ್ತಾನೆ, ಮಜ್ಜಿಗೆ ಹೊತ್ತಿಗೆ ವಾಪಸ್ ಜೋಡಿಸಿರುತ್ತಾನೆ. ಎರಡು ಸ್ಕ್ರೂ ಖಂಡಿತ ಮಿಕ್ಕಿರುತ್ತವೆ. ಆದರೂ ಫ್ಯಾನ್ ಮೊದಲಿಗಿಂತ ಚೆನ್ನಾಗಿ ತಿರುಗುತ್ತದೆ, ಅದೇ ನನಗೆ ಹೊಟ್ಟೆಕಿಚ್ಚು.

ಇಂಥವನು ದಿನಾ ಸಂಜೆ ಲ್ಯಾಂಡ್‌ಲೈನ್ ಫೋನಿನಲ್ಲಿ ತನ್ನ ಅಕ್ಕನ ಜೊತೆ, ಅಂದರೆ ನಮ್ಮಮ್ಮನ ಜೊತೆ, ಹರಟುತ್ತಿದ್ದ. ಆಮೇಲೆ ಅಮ್ಮನಿಗೆ ಕಿವಿ ಹೋಯಿತು. ಪೂರ್ತಿ ಹೋಯಿತು. ಮೊದಲು ಫೋನ್ ಬಿಟ್ಟಳು, ಆಮೇಲೆ ಮಾತನ್ನೇ ಬಿಟ್ಟಳು. ಮಗ್ಗೆಯ ಸಂತೆಯಲ್ಲಿ ಒಂದು ಸೌತೆಕಾಯಿಗೆ ಅರ್ಧ ಗಂಟೆ ಮಾತಾಡುತ್ತಿದ್ದ ಹೆಂಗಸು ಬಾಯಿ ಮುಚ್ಚಿ ಮೂಲೆ ಹಿಡಿದಿದ್ದು ನೋಡಲಾಗುತ್ತಿರಲಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಬಹುದಿತ್ತಲ್ಲ ಅಂತೀರಾ? ಆಗ ನಮ್ಮ ಮನೆಯಲ್ಲಿ ಸಿಗ್ನಲ್ ಬೇಕಾದರೆ ಹಲಸಿನ ಮರ ಹತ್ತಬೇಕಿತ್ತು!

ಮನೆಯಲ್ಲೇ ರೇಡಿಯೋ ಇಟ್ಟುಕೊಂಡು ಊರೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚಿನ ಮಾವ ಸುಮ್ಮನಿರುತ್ತಾನೆಯೇ? ಎಲ್ಲಿಂದಲೋ ಎರಡು ಡಬ್ಬ ತರಿಸಿದ.

"ಇದು ಮಾಮೂಲಿ ರೇಡಿಯೋ ಅಲ್ಲ ಕಣೋ ಅಳಿಯ. ಅರ್ಧ ರೇಡಿಯೋ ಕಂಪ್ಯೂಟರ್ ಒಳಗೇ ಐತೆ. ಸಾಫ್ಟ್‌ವೇರ್ ಬದಲಾಯಿಸಿದ್ರೆ ರೇಡಿಯೋನೇ ಬೇರೆ ಆಗೋಯ್ತದೆ! ನಾನಲ್ಲಿ ಟೈಪ್ ಮಾಡ್ತೀನಿ, ಅಕ್ಕ ಇಲ್ಲಿ ಓದ್ತಾಳೆ."

ಒಂದು ಡಬ್ಬ ಪಾಳ್ಯದ ಅವನ ಮನೆಗೆ, ಇನ್ನೊಂದು ಮಗ್ಗೆಯಾಚೆಯ ನಮ್ಮ ಮನೆಗೆ. ಅದಕ್ಕೆ ಲೈಸೆನ್ಸ್ ಬೇಕಂತೆ, ನನ್ನನ್ನೂ ಪರೀಕ್ಷೆಗೆ ಕೂರಿಸಿದ. ಹತ್ತನೇ ಕ್ಲಾಸಿನ ವಿಜ್ಞಾನಕ್ಕೆ ಮೂರು ಸಲ ಕೂತವನು ನಾನು! ಮಾವನ ಕಾಟಕ್ಕೆ ಹೆದರಿ ಇದರಲ್ಲಿ ಒಂದೇ ಏಟಿಗೆ ಪಾಸಾದೆ.

ಮಾವನ ಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಎರಡೂ ಡಬ್ಬ ಚೆನ್ನಾಗಿಯೇ ಇದ್ದವು. ಒಂದು ನಮ್ಮ ಮನೆಗೆ ಬಂದಿದ್ದೇ ತಡ, ಎರಡೂ ಕೈಕೊಟ್ಟವು. ನಾವು ಬರೆದದ್ದನ್ನು ಈ ರೇಡಿಯೋ ತುಂಡು ಮಾಡಿ, ಪ್ಯಾಕೆಟ್ ಕಟ್ಟಿ ಗಾಳಿಗೆ ಬಿಡುತ್ತದೆ. ದಾರಿಯಲ್ಲಿ ಒಂದು ಅಕ್ಷರ ಮುಕ್ಕಾದರೂ ಆ ಕಡೆಯ ರೇಡಿಯೋ ಇಡೀ ಪ್ಯಾಕೆಟ್ಟನ್ನೇ ಎಸೆಯುತ್ತದೆ. ಎಂಥ ಮಡಿವಂತಿಕೆ ನೋಡಿ! ಹತ್ತು ಕಳಿಸಿದರೆ ಒಂಬತ್ತು ಕಸದ ಪಾಲು.

ಶುರುವಾಯಿತು ಮಾವನ ಪತ್ತೇದಾರಿ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಹಾಜರ್! ಮಿಕ್ಸಿ ಮೇಲೆ ಅನುಮಾನ, ಮೂರು ದಿನ ಚಟ್ನಿ ಇಲ್ಲ. ಟ್ಯೂಬ್‌ಲೈಟ್ ಮೇಲೆ ಅನುಮಾನ, ಒಂದು ವಾರ ಸೀಮೆಎಣ್ಣೆ ಬುಡ್ಡಿ. ಒಂದು ದಿನ ಮಾಡಿನ ಮೇಲಿನ ಆಂಟೆನಾ ತಂತಿ ನೋಡಿ ಕಿಟಾರನೆ ಕಿರುಚಿದ. ಅಮ್ಮ ಅದರ ಮೇಲೆ ಸೀರೆ ಒಣಗಿಸಿದ್ದಳು! ಕ್ಯಾಲೆಂಡರಿನ ಹಿಂದೆ ದಪ್ಪಕ್ಷರದಲ್ಲಿ "ಇದು ಆಂಟೆನಾ" ಅಂತ ಬರೆದು ಅವಳ ಮುಖಕ್ಕೆ ಹಿಡಿದ.

ಅಮ್ಮ ಓದಿ, ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಳು. "ಗೊತ್ತು ಕಣೋ. ಬಿಸ್ಲು ಚೆನ್ನಾಗಿ ಬೀಳ್ತದೆ, ಇರ್ಲಿ ಬುಡು."

ಕೊನೆಗೆ ಮಾವ ಹಳೇ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಗುಡ್ಡ ಹತ್ತಿದ. ಟಕ್, ಟಕ್ ಅಂತ ಸದ್ದು. ಮೇಲಿನ ಕಾಫಿ ಎಸ್ಟೇಟ್ ಕಡೆ ಹೋದಷ್ಟೂ ಜೋರು. ಕಾಫಿ ಕೀಳುತ್ತಿದ್ದ ಒಬ್ಬ ಕೇಳಿದ, "ಸ್ಕೋರ್ ಎಷ್ಟಾಯ್ತಣ್ಣ?"

"ಸೆಕೆಂಡಿಗೊಂದು!" ಅಂದ ಮಾವ.

ಕಳ್ಳ ಸಿಕ್ಕಿದ್ದ. ಆನೆ ಬರದಿರಲಿ ಅಂತ ಎಸ್ಟೇಟಿಗೆ ಹಾಕಿದ್ದ ಕರೆಂಟ್ ಬೇಲಿ! ಅದು ಸೆಕೆಂಡಿಗೊಮ್ಮೆ ಹೊಡೆಯುವ ಏಟು ನಮ್ಮ ಪ್ಯಾಕೆಟ್ಟಿಗೂ ಬೀಳುತ್ತಿತ್ತು. ಮಾವ ನೇರ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ ಹತ್ತಿರ ಹೋದ. "ಹತ್ತು ನಿಮಿಷ ಬೇಲಿ ಆಫ್ ಮಾಡಿ ಮಾರಾಯ್ರೆ."

"ಹತ್ತು ನಿಮಿಷ ತಡ್ಕೊ ಅಂತ ಆನೆಗೆ ನೀವೇ ಹೇಳ್ತೀರೇನ್ರೀ?" ಅಂದರು ರೈಟರು. ಆದರೂ ಆಫ್ ಮಾಡಿದರು. ಪ್ಯಾಕೆಟ್ಟುಗಳು ಒಂದೂ ಮುಕ್ಕಾಗದೆ ಬಂದವು. ಆನೆ ಬರಲಿಲ್ಲ, ರೈಟರ ಹಸುವೇ ನುಗ್ಗಿ ಅವರ ಸೊಪ್ಪಿನ ಮಡಿ ಮೇಯ್ದು ಹೋಯಿತು. ಇನ್ನೊಮ್ಮೆ ಆ ಕಡೆ ತಲೆ ಹಾಕುವಂತಿರಲಿಲ್ಲ.

ಬೇಲಿ ನಿಲ್ಲಿಸಲಾಗದಿದ್ದರೆ ಏನಂತೆ? ಎರಡು ಏಟಿನ ನಡುವೆ ನುಸುಳುವಷ್ಟು ಪ್ಯಾಕೆಟ್ಟನ್ನೇ ಚಿಕ್ಕದು ಮಾಡಿಬಿಟ್ಟ. ಒಂದು ಸಲಕ್ಕೆ ಎರಡೇ ಪದ. ಕಂಪ್ಯೂಟರಿನ ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆದ ಚೀಟಿ ಅಂಟಿಸಿ, ಅಮ್ಮನಿಗೆ ಕಲಿಸಿ, "ಮುಗೀತು ಅಕ್ಕ, ಇನ್ನು ನಾನು ಬರೋದೇ ಬೇಡ" ಅಂತ ಬರೆದು ತೋರಿಸಿ ಸ್ಕೂಟರ್ ಹತ್ತಿದ. ಸಂಜೆ "ಊಟ ಆಯ್ತಾ" ಬಂತು. "ಆಯ್ತು" ಹೋಯಿತು. ನಾಲ್ಕು ದಿನ ಅಷ್ಟೇ. ಅಮ್ಮ ಮತ್ತೆ ಮೂಲೆ ಹಿಡಿದಳು.

ಐದನೇ ದಿನ ಗೊಬ್ಬರದ ಕೆಲಸಕ್ಕೆ ಪಾಳ್ಯಕ್ಕೆ ಹೋದವನು ಮಾವನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಕಂಪ್ಯೂಟರ್ ಟಿಣ್ ಅಂತು. ಪರದೆಯ ಮೇಲೆ ಅಮ್ಮನ ಪ್ಯಾಕೆಟ್ಟು, ಒಂದಕ್ಷರವೂ ಮುಕ್ಕಾಗಿರಲಿಲ್ಲ:

"ರೇಡಿಯೋ ಕೆಟ್ಟೋಗೈತೆ."

ಹಿಂದೆಯೇ ಇನ್ನೊಂದು: "ಬಾರೋ."

ನಾನು ಜೋರಾಗಿ ನಕ್ಕುಬಿಟ್ಟೆ. "ಅಲ್ಲ ಮಾವ, ಕೆಟ್ಟೋಗಿದ್ರೆ ಇದೆಂಗೆ ಬಂತು?"

ಮಾವ ನಗಲಿಲ್ಲ. ಪರದೆಯನ್ನೇ ನೋಡುತ್ತಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವನು ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದ.

"ಸುಮ್ನಿರೋ. ಅಕ್ಕ ಕೆಟ್ಟೈತೆ ಅಂದ್ಮೇಲೆ ಕೆಟ್ಟೈತೆ. ದಿನಾ ಹೋಗಿ ನೋಡ್ಬೇಕಾಯ್ತದೆ."