ದೋಸೆ ಮಗುಚುವ ಕೈಯೂ ನಾನು ಕಡಿದ ಲಿಂಕೂ

ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಗುರುತು ಕಂಡರೆ ನನಗೆ ಶಾಲೆಯ ಗಣಿತದ ಉತ್ತರಪತ್ರಿಕೆಯೇ ಎದುರಿಗೆ ಬಂದಂತಾಗಿ ಅಂಗೈ ಬೆವರುತ್ತದೆ. ತಪ್ಪು ತಿದ್ದದಿದ್ದರೂ ಚಿಂತೆಯಿಲ್ಲ, ಕೆಂಪು ಮಾಯವಾದರೆ ಸಾಕು ಎನ್ನುವ ಸ್ವಭಾವ ನನ್ನದು. ಗಿಂಡಿ ಬಡಾವಣೆಯ ಸಣ್ಣ ಕಂಪನಿಯೊಂದರಲ್ಲಿ ಅಡುಗೆಮನೆ ಸಾಮಾನುಗಳ ವಿನ್ಯಾಸ ಮಾಡುವ ನನ್ನ ಮಾನ ಹೋದದ್ದು ಈ ಸ್ವಭಾವದಿಂದಲೇ.

ಮೈಲಾಪೂರಿನಲ್ಲಿ ಹೋಟೆಲ್ ನಡೆಸುವ, ಉಡುಪಿ ಕಡೆಯ ಸುಧಾಕರ ರಾಯರು ದೋಸೆ ಮಗುಚುವ ಕೈಗೆ, ಅಂದರೆ ಸಟ್ಟುಗಕ್ಕೆ, ಅಂಗೈ ಬೆವರಿದರೂ ಜಾರದಂಥ ಹಿಡಿ ಬೇಕೆಂದರು. ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ, ಅದರ ಮೇಲೆ ಅಚ್ಚಿನಲ್ಲೇ ಹೊಯ್ದು ಅಂಟಿಸುವ ಮೆತ್ತನೆಯ ರಬ್ಬರ್ ಹೊದಿಕೆ. ಕಂಪ್ಯೂಟರಿನಲ್ಲಿ ಇವೆರಡೂ ಬೇರೆ ಬೇರೆ ಭಾಗಗಳಾದರೂ ನಡುವೆ ಒಂದು ಲಿಂಕ್ ಇರುತ್ತದೆ. ಹಿಡಿ ಸೊರಗಿದರೆ ಹೊದಿಕೆಯೂ ತಾನಾಗಿ ಕುಗ್ಗಬೇಕು. ಹೇಳಲು ಸೊಗಸು! ನಾನು ಹಿಡಿಯ ಒಂದು ಮೂಲೆ ಉರುಟು ಮಾಡಿದರೂ ಹೊದಿಕೆ ಕೆಂಪಾಗಿ ಮುನಿಸಿಕೊಳ್ಳುತ್ತಿತ್ತು. ಮೂರನೆಯ ಮುನಿಸಿಗೆ ನನ್ನ ತಾಳ್ಮೆ ಮುಗಿಯಿತು.

ಲಿಂಕನ್ನೇ ಕಡಿಯಲು ಹೊರಟಾಗ ಪಕ್ಕದ ಸೀಟಿನ ಕವಿತಾ ಗಾಬರಿಯಾಗಿ, ಕಡಿಯಬೇಡಿ ಎಂದು ತಮಿಳಿನಲ್ಲಿ ಕೂಗಿದಳು. “ಸಾರ್, ಲಿಂಕ್ ಕಟ್ ಪಣ್ಣಾದೀಂಗ! ಅಪ್ಪುರಂ ರೊಂಬ ಕಷ್ಟಂ!”

ಆಮೇಲೆ ಬರುವ ಕಷ್ಟ ಆಮೇಲೆ ತಾನೆ? ಕಡಿದೆ. ಕೆಂಪು ಹೋಯಿತು. ಒಂದು ಕಾಫಿಯನ್ನೂ ಕುಡಿದೆ.

ಮರುದಿನ ರಾಯರ ಫೋನು: “ನಮ್ಮ ಅಡುಗೆಯ ಗಣಪಯ್ಯನ ಕೈ ಸಣ್ಣದು ಮಾರಾಯ್ರೆ, ಹಿಡಿ ಸ್ವಲ್ಪ ತೆಳು ಮಾಡಿ.” ಮಾಡಿದೆ. ಲಿಂಕ್ ಇಲ್ಲದ ಹೊದಿಕೆಗೆ ಈ ಸುದ್ದಿ ಮುಟ್ಟಲೇ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಮೊದಲಿನಂತೆಯೇ ಇತ್ತು. ಒಳಗಿನ ಸಂದು ಯಾರಿಗೆ ಕಾಣಬೇಕು? ಎರಡು ಭಾಗಗಳನ್ನೂ ಬೇರೆ ಬೇರೆಯಾಗಿ ತ್ರೀಡಿ ಪ್ರಿಂಟ್ ಮಾಡಿಸಿ, ಹಿಡಿಗೆ ಉಕ್ಕಿನ ಅಲಗು ಕೂರಿಸಿ, ಹೊದಿಕೆ ತೊಡಿಸಿ, ಮಾದರಿಯನ್ನು ಹಿಡಿದು ಕವಿತಾಳೊಂದಿಗೆ ಹೋಟೆಲಿಗೆ ಹೋದೆ. ‘ಎಷ್ಟು ಸಲೀಸಾಗಿ ಕೂತಿತಲ್ಲ!’ ಎಂದು ದಾರಿಯುದ್ದಕ್ಕೂ ಹೆಮ್ಮೆ ಬೇರೆ.

ಬಾಣಸಿಗ ಗಣಪಯ್ಯ ಕಾದ ದೋಸೆಕಲ್ಲಿನ ಮುಂದೆ ನಿಂತು, ದೋಸೆಯ ಅಡಿಗೆ ಅಲಗು ತೂರಿಸಿ, ಮೂವತ್ತು ವರ್ಷದ ಅಭ್ಯಾಸದಿಂದ ಕೈ ಬೀಸಿದ. ದೋಸೆ ಮಗುಚಲಿಲ್ಲ. ಮಗುಚುವ ಕೈ ಮಾತ್ರ ಹೊದಿಕೆಯಿಂದ ಸರ್ರನೆ ಕಳಚಿಕೊಂಡು, ದೋಸೆಯ ಸಮೇತ ಹಾರಿ ಕಣ್ಮರೆಯಾಯಿತು. ಗಣಪಯ್ಯ ಮುಷ್ಟಿ ಬಿಚ್ಚಿ ಬರಿಯ ರಬ್ಬರನ್ನು ನೋಡಿದ.

“ಸಿಪ್ಪೆ ನನ್ನ ಕೈಯಲ್ಲುಂಟು. ಹಣ್ಣು ಎಲ್ಲಿ ಹೋಯ್ತು?”

“ಸಾಂಬಾರಿನಲ್ಲಿ,” ಎಂದರು ಹಂಡೆಗೆ ಬಗ್ಗಿದ ರಾಯರು. ಆಮೇಲೆ ನನ್ನ ಕಡೆ ತಿರುಗಿ, “ಎಂತ ಇದು? ಆರ್ಡರ್ ಬೇರೆಯವರಿಗೆ ಕೊಡುವುದಾ?”

ಪ್ರಿಂಟಿಂಗ್ ಅಂಗಡಿಯವರ ಮೇಲೆ ತಪ್ಪು ಹೊರಿಸಲು ಬಾಯಿ ತೆರೆದೆ. ಕವಿತಾ ಕೆಮ್ಮಿದಳು. ಇಂಥ ಕೆಮ್ಮಿಗೆ ಔಷಧಿ ಸತ್ಯವೊಂದೇ. “ತಪ್ಪು ನನ್ನದೇ ರಾಯರೆ,” ಎಂದೆ. ಅವರು ನಕ್ಕು ಇನ್ನೊಂದು ಅವಕಾಶ ಕೊಟ್ಟರು. “ಈ ಸಲ ಅಲಗೂ ಎರಡರಷ್ಟು ಅಗಲ ಇರಲಿ.”

ಹೊಸದಾಗಿ ಮತಾಂತರಗೊಂಡವನ ಭಕ್ತಿ ನನ್ನದು. ಹೊದಿಕೆಯನ್ನು ಹಿಡಿಗೆ, ಹಿಡಿಯ ಉದ್ದವನ್ನು ಅಲಗಿನ ಅಗಲಕ್ಕೆ, ಕಂಡದ್ದನ್ನೆಲ್ಲ ಕಂಡದ್ದಕ್ಕೆಲ್ಲ ಲಿಂಕ್ ಮಾಡಿದೆ. ಅಲಗನ್ನು ಎರಡರಷ್ಟು ಮಾಡಿದೆ. ಒಂದೂ ಕೆಂಪಿಲ್ಲ! ಪರದೆಯ ಮೇಲೆ ಅದೇ ರೂಪ, ಅದೇ ಅಂದ. ಕವಿತಾ ರಜೆಯಲ್ಲಿದ್ದಳು.

ಮಾದರಿ ತಯಾರಾಗಿ ಬಂದಾಗ ಮೂರು ಅಡಿ ಉದ್ದ ಇತ್ತು. ಅಲಗಿನೊಂದಿಗೆ ಹಿಡಿಯೂ ಎರಡರಷ್ಟು ಬೆಳೆದಿತ್ತು, ಪರದೆ ಮಾತ್ರ ಅದನ್ನು ಕುಗ್ಗಿಸಿ ತೋರಿಸಿತ್ತು. ಗಣಪಯ್ಯ ಅದನ್ನೆತ್ತಿ, “ಇದರಲ್ಲಿ ದೋಸೆ ಮಗುಚಬೇಕಾದ್ರೆ ನಾನು ರಸ್ತೆಯಲ್ಲಿ ನಿಲ್ಲಬೇಕು,” ಎಂದ.

ಕೊನೆಗೆ ಕವಿತಾ ಬಂದು ಅರ್ಧ ಗಂಟೆಯಲ್ಲಿ, ಬೇಕಾದ ಲಿಂಕ್‌ಗಳನ್ನಷ್ಟೇ ಇಟ್ಟು ಕೆಲಸ ಮುಗಿಸಿದಳು, ಆರ್ಡರ್ ಉಳಿಯಿತು. ಆದರೆ ರಾಯರು ನನ್ನ ಮೂರಡಿಯದನ್ನು ಹಿಂದಿರುಗಿಸಲಿಲ್ಲ. ಹಿತ್ತಿಲಲ್ಲಿ ವಡೆಗೆ ಬರುವ ಕಾಗೆ ಓಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲವಂತೆ. ನನ್ನ ಇಷ್ಟು ವರ್ಷಗಳ ವೃತ್ತಿಯಲ್ಲಿ ಗಿರಾಕಿಯೊಬ್ಬರು ಬಾಯ್ತುಂಬ ಹೊಗಳಿದ ವಿನ್ಯಾಸ ಅದೊಂದೇ. ಕಾಗೆಗಳು ಏನೆನ್ನುತ್ತವೆಯೋ ಗೊತ್ತಿಲ್ಲ.